ದೊಡ್ಡ ದಿಮ್ಮಿಗೆ ಚೈನ್‌ಸಾ ತಗೊಳ್ತೀರಾ? ಬರೀ ರೇಸ್ ಮಾಡಿ ನೋಡಬೇಡಿ

ದೊಡ್ಡ ಚೈನ್‌ಸಾ ನೋಡೋಕೆ ಬಂದವರು ಮೊದ್ಲು ಮಾಡೋದು ಒಂದೇ ಕೆಲಸ, ಸ್ಟಾರ್ಟ್ ಮಾಡಿಸಿ ಟ್ರಿಗರ್ ಪೂರ್ತಿ ಒತ್ತಿ ಸೌಂಡ್ ಕೇಳೋದು. ‘ಕೀಂಯ್’ ಅಂತ ಒಂದೇ ಸಮ ಏರಿದ್ರೆ ಖುಷಿ, ಆಮೇಲೆ ಸಿಸಿ ಎಷ್ಟು ಅಂತ ಕೇಳ್ತಾರೆ, 90 ದಾಟಿದ್ರೆ ಇನ್ನೂ ಖುಷಿ, ಪರೀಕ್ಷೆ ಅಲ್ಲಿಗೆ ಮುಗೀತು. ಈ ಮಷಿನ್‌ಗಳನ್ನ ಬಿಚ್ಚಿ ಜೋಡಿಸೋದೇ ಕಸುಬಾಗಿರೋ ನನಗೆ ಆ ಸೌಂಡ್ ಕೇಳಿದ್ರೆ ಭಯ ಆಗ್ತದೆ, ಯಾಕಂದ್ರೆ ಕೈಯಲ್ಲಿ ಟ್ಯೂನ್ ಮಾಡೋ ಕಾರ್ಬೊರೇಟರ್ ಇರೋ ಮಷಿನ್ ಗಾಳೀಲಿ ಅಷ್ಟು ಇಂಪಾಗಿ ಕೂಗ್ತಿದೆ ಅಂದ್ರೆ ಪೆಟ್ರೋಲ್ ಕಮ್ಮಿ ಹೋಗ್ತಿದೆ, ಅಂದ್ರೆ ಲೀನ್ ಆಗಿದೆ ಅಂತ್ಲೇ ಎಷ್ಟೋ ಸಲ ಅರ್ಥ. ಸರಿಯಾಗಿ ಟ್ಯೂನ್ ಆದ ಟೂ-ಸ್ಟ್ರೋಕ್ ಲೋಡ್ ಇಲ್ಲದೆ ಫುಲ್ ಕೊಟ್ಟಾಗ ಸ್ವಲ್ಪ ತಡವರಿಸ್ತದೆ, ಬುಡಬುಡ ಅಂತದೆ, ಮರಕ್ಕೆ ಇಟ್ಟ ತಕ್ಷಣ ಆ ತಡವರಿಕೆ ಹೋಗಿ ಸೌಂಡ್ ಕ್ಲೀನ್ ಆಗ್ತದೆ, ಮರದಿಂದ ಎತ್ತಿದ್ರೆ ಮತ್ತೆ ಬುಡಬುಡ. ಇದನ್ನ ಒಂದು ಸಲ ಕಿವಿಗೆ ಹಾಕ್ಕೊಂಡ್ರೆ ಮರೆಯೋದಿಲ್ಲ. ಎಂ-ಟ್ರಾನಿಕ್, ಆಟೋಟ್ಯೂನ್ ಥರ ತಾನೇ ಹೊಂದಿಸ್ಕೊಳ್ಳೋ ಮಷಿನ್‌ಗಳಲ್ಲಿ ಮಾತ್ರ ಬರೀ ಕಿವಿ ನಂಬೋಕಾಗಲ್ಲ.

ಸಿಸಿ ವಿಷಯಕ್ಕೆ ಬರೋಣ. ಸ್ಟಿಲ್ ಕಂಪನಿಯ ಎಂಎಸ್ 661 ನೋಡಿ, 91.1 ಸಿಸಿ, 5.4 ಕಿಲೋವ್ಯಾಟ್, ತೂಕ 7.4 ಕೆಜಿ. ಹಸ್ಕ್‌ವರ್ನಾ 395 ಎಕ್ಸ್‌ಪಿ 93.6 ಸಿಸಿ, ಅಂದ್ರೆ ಇಂಜಿನ್ ದೊಡ್ಡದು, ಆದ್ರೆ ಪವರ್ 4.9 ಕಿಲೋವ್ಯಾಟ್, ತೂಕ 7.9 ಕೆಜಿ. ಬರೀ ಸಿಸಿ ನೋಡಿದವನು ಇಲ್ಲೇ ಎಡವಿದ. ಹಾಗಂತ ಬರೀ ಕಿಲೋವ್ಯಾಟ್ ನೋಡಿದ್ರೂ ಸಾಲದು. ಸ್ಟಿಲ್ ಎಂಎಸ್ 881ರಲ್ಲಿ 121.6 ಸಿಸಿ ಇದೆ, 661ಕ್ಕಿಂತ 30 ಸಿಸಿ ಜಾಸ್ತಿ, ಪವರ್ 6.4, ಅಂದ್ರೆ ಒಂದೇ ಕಿಲೋವ್ಯಾಟ್ ಹೆಚ್ಚು, ತೂಕ ಮಾತ್ರ 9.9 ಕೆಜಿ. ಹಂಗಾದ್ರೆ ಅದನ್ನ ಯಾರು ತಗೋತಾರೆ ಅಂದ್ರೆ ಉದ್ದ ಬಾರ್ (ಚೈನ್ ಸುತ್ತ ಓಡೋ ಕಬ್ಬಿಣದ ಪಟ್ಟಿ) ಪೂರ್ತಿ ಮರದೊಳಗೆ ಮುಳುಗಿರೋವಾಗ ಆರ್‌ಪಿಎಂ ಇಳಿದ್ರೂ ಉಸಿರು ಬಿಡದೆ ಎಳೀಬೇಕು ಅನ್ನೋರು. ಆ ಎಳೆತ ಬ್ರೋಷರ್ ನೋಡಿ ಗೊತ್ತಾಗೋದಲ್ಲ. ಇನ್ನೊಂದು, ಮೇಲೆ ಹೇಳಿದ ತೂಕದಲ್ಲಿ ಬಾರ್, ಚೈನ್, ಪೆಟ್ರೋಲ್, ಆಯಿಲ್ ಯಾವುದೂ ಸೇರಿಲ್ಲ. 36 ಇಂಚಿನ ಬಾರ್ ಚೈನ್ ಹಾಕಿದ್ರೆ ಅದೇ ಎರಡು ಕೆಜಿ ಮೇಲೆ, ಅದೂ ಮುಂದಕ್ಕೆ ಜಗ್ಗೋ ತೂಕ. ಹಾಗಾಗಿ ನೀವು ಯಾವ ಬಾರ್ ಹಾಕ್ತೀರೋ ಅದೇ ಬಾರ್ ಹಾಕಿಸಿ, ಎರಡೂ ಟ್ಯಾಂಕ್ ತುಂಬಿಸಿ ಕೈಯಲ್ಲಿ ಹಿಡ್ಕೊಂಡು ನೋಡಿ.

ಪರೀಕ್ಷೆ ಮಾಡೋಕೆ ದಿಮ್ಮಿ ಬೇಕು, ಬಾರ್ ಉದ್ದಕ್ಕೆ ಹತ್ತಿರ ಇರೋವಷ್ಟು ದಪ್ಪದ್ದು, ತೊಗಟೇಲಿ ಮಣ್ಣು ಇರಬಾರದು. ಚೈನ್ ಹೊಸದಾಗಿ ಅರ ಹಾಕಿದ್ದಿರಲಿ, ಇಲ್ಲಾಂದ್ರೆ ನೀವು ಟೆಸ್ಟ್ ಮಾಡ್ತಿರೋದು ಇಂಜಿನ್ನನ್ನಲ್ಲ, ಮೊಂಡು ಚೈನನ್ನ. ಮುಂದಿನ ಮುಳ್ಳುಗಳನ್ನ ಮರಕ್ಕೆ ಊರಿ, ಒತ್ತದೆ, ಮಷಿನ್ ತೂಕದಲ್ಲೇ ಇಳಿಯೋಕೆ ಬಿಡಿ. ಬಾರ್ ಪೂರ್ತಿ ಮುಳುಗಿದಾಗ ಆರ್‌ಪಿಎಂ ಒಂದಷ್ಟು ಇಳಿಯುತ್ತೆ, ಅದು ಸಹಜ, ಇಳಿದು ಒಂದು ಮಟ್ಟದಲ್ಲಿ ನಿಂತ್ಕೊಳ್ಳುತ್ತಾ ಇಲ್ಲ ಇಳೀತಾನೇ ಹೋಗುತ್ತಾ ಅನ್ನೋದೇ ಪ್ರಶ್ನೆ. ನಿಂತ್ಕೊಂಡ್ರೆ ಆ ಬಾರ್ ಆ ಇಂಜಿನ್‌ಗೆ ಸರಿಹೋಗ್ತದೆ. ಇಳೀತಾ ಹೋದ್ರೆ ಒಂದೋ ಬಾರ್ ಉದ್ದ ಆಯ್ತು, ಇಲ್ಲಾ ಚೈನ್ ತಪ್ಪಾಯ್ತು. ಗಂಟು ಸಿಕ್ಕಿದಾಗ, ಒಣಗಿದ ಗಟ್ಟಿ ಚೇಗಿಗೆ ಬಂದಾಗ ಏನಾಗುತ್ತೆ ಅಂತ ವಿಶೇಷವಾಗಿ ಗಮನಿಸಿ, ಮೆತ್ತನೆ ಹಸಿ ಮರ ಕೊಯ್ದು ತೋರಿಸಿ ಮಾರೋರೂ ಇದ್ದಾರೆ.

ಆಮೇಲೆ ಬಗ್ಗಿ ಕೆಳಗೆ ಬಿದ್ದಿದ್ದನ್ನ ಒಂದು ಮುಷ್ಟಿ ಎತ್ಕೊಳ್ಳಿ. ಅಂಚು ಚೂಪಾಗಿರೋ, ಒಂದೇ ಅಳತೆಯ ಚಕ್ಕೆ ಇದ್ರೆ ಚೈನ್ ಕಚ್ಚಿ ಕೊಯ್ತಿದೆ. ಹಿಟ್ಟಿನಂಥ ಹುಡಿ ಬಂದಿದ್ರೆ ಚೈನ್ ಕೊಯ್ತಿಲ್ಲ, ಉಜ್ಜಿ ಸುಡ್ತಿದೆ.

ಚೈನ್ ವಿಷಯಕ್ಕೆ ಜನ ಕೊಡಬೇಕಾದಷ್ಟು ಗಮನ ಕೊಡಲ್ಲ, ಆದ್ರೆ ನನ್ನ ಹತ್ರ ‘ಪವರ್ ಇಲ್ಲ’ ಅಂತ ಬರೋ ಮಷಿನ್‌ಗಳಲ್ಲಿ ಇಂಜಿನ್ ಸರಿಯಾಗೇ ಇದ್ದು ಚೈನ್ ಕೆಟ್ಟಿರೋದೇ ಹೆಚ್ಚು. ದೊಡ್ಡ ಮಷಿನ್ ಅಂದ್ರೆ ಪಾಯಿಂಟ್ 404 ಇಂಚಿನ ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ) ಚೈನೇ ಹಾಕಬೇಕು ಅಂತ ಒಂದು ನಂಬಿಕೆ ಇದೆ. ಅದು ಗಟ್ಟಿ ಚೈನ್, ತಾಳಿಕೆ ಹೆಚ್ಚು, ಒಪ್ಪಿದೆ, ಆದ್ರೆ ಅದು ಅಗಲವಾಗಿ ಕೊಯ್ಯುತ್ತೆ, ಅಷ್ಟು ಮರ ಹುಡಿ ಮಾಡೋಕೆ ಅಷ್ಟು ಪವರ್ ಬೇಕು. 90 ಸಿಸಿ ಮಷಿನ್‌ನಲ್ಲಿ 36 ಇಂಚಿನವರೆಗೂ ಮೂರು-ಬೈ-ಎಂಟು ಇಂಚಿನ ಪಿಚ್ ಆರಾಮಾಗಿ ನಡೆಯುತ್ತೆ, ನಾನಂತೂ ಅದನ್ನೇ ಹೇಳೋದು. ಬಾರ್ ಉದ್ದ ಆದಷ್ಟೂ ಚಕ್ಕೆ ಹೊರಗೆ ಹೋಗೋಕೆ ಜಾಗ ಬೇಕು, ಅದಕ್ಕೆ ಸ್ಕಿಪ್ ಚೈನ್, ಹಲ್ಲು ಕಮ್ಮಿ, ಅರ ಹಾಕೋ ಕೆಲಸನೂ ಕಮ್ಮಿ. ಮಣ್ಣು ಮೆತ್ತಿದ ಮರಕ್ಕೆ ಫುಲ್ ಚಿಸೆಲ್ ಬೇಡ, ಅದರ ಚೂಪು ಮೂಲೆ ಬೇಗ ಹೋಗುತ್ತೆ, ಹಲ್ಲಿನ ಮೂಲೆ ದುಂಡಗಿರೋ ಸೆಮಿ ಚಿಸೆಲ್ ಹಾಕಿ. ರೇಕರ್, ಅಂದ್ರೆ ಪ್ರತಿ ಹಲ್ಲಿನ ಮುಂದೆ ಕೊಯ್ತದ ಆಳ ನಿಗದಿ ಮಾಡೋ ಗುಬುಟು, ಸಾಮಾನ್ಯವಾಗಿ ಹಲ್ಲಿಗಿಂತ 0.65 ಮಿಮೀ ತಗ್ಗಿರಬೇಕು, ಬೇಗ ಕೊಯ್ಯಲಿ ಅಂತ ಇನ್ನೂ ಉಜ್ಜಿ ಇಳಿಸಿದ್ರೆ ಚೈನ್ ಮರಾನ ಕಚ್ಕೊಂಡು ಎಳೆದಾಡುತ್ತೆ, ಕ್ಲಚ್ ಜಾರುತ್ತೆ, ಆಮೇಲೆ ಬೈಗುಳ ಇಂಜಿನ್‌ಗೆ.

ಆಯಿಲ್ ಪಂಪ್ ಚೆಕ್ ಮಾಡೋದು ಸುಲಭ. ಬಾರ್ ತುದಿನ ಬೆಳ್ಳಗಿರೋ ರಟ್ಟಿನ ಮುಂದೆ ಗೇಣು ದೂರದಲ್ಲಿ ಹಿಡಿದು ಅರ್ಧ ರೇಸ್ ಕೊಡಿ, ರಟ್ಟಿನ ಮೇಲೆ ಆಯಿಲ್ ಗೆರೆ ಬೀಳಬೇಕು. ಗಿಡ್ಡ ಬಾರ್‌ನಲ್ಲಿ ಚೆನ್ನಾಗಿ ಬೀಳೋ ಆಯಿಲ್ ಉದ್ದ ಬಾರ್ ಹಾಕಿದಾಗ ತುದೀಗೆ ತಲುಪದೇ ಇರಬಹುದು, ಆಗ ಪಂಪ್ ಸ್ಕ್ರೂ ತಿರುಗಿಸಿ ಜಾಸ್ತಿ ಮಾಡಬೇಕು, ಆದ್ರೆ ಪೆಟ್ರೋಲ್ ಖಾಲಿ ಆಗೋಕೆ ಮುಂಚೆ ಆಯಿಲ್ ಖಾಲಿ ಆಗಬಾರದು, ಆ ಲೆಕ್ಕದಲ್ಲಿ ನಿಲ್ಲಿಸಿ.

ಒಂದು ಟ್ಯಾಂಕ್ ಪೂರ್ತಿ ಕೊಯ್ದ ಮೇಲೆ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಬಿಸಿ ಇರೋವಾಗ್ಲೇ ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಎಲ್ಲಾ ಮಷಿನ್ನೂ ಮರ್ಯಾದಸ್ಥನೇ, ಹುಳುಕು ಹೊರಗೆ ಬರೋದು ಈಗ. ಐಡಲ್‌ನಲ್ಲಿ, ಅಂದ್ರೆ ಟ್ರಿಗರ್ ಒತ್ತದೆ ಓಡೋವಾಗ, ಚೈನ್ ತಿರುಗಬಾರದು. ಐಡಲ್ ತಾನಾಗೇ ಏರಿ ಇಳೀತಿದ್ರೆ ಎಲ್ಲೋ ಗಾಳಿ ಒಳಗೆ ಹೋಗ್ತಿದೆ, ಕ್ರ್ಯಾಂಕ್ ಸೀಲ್ ಮೇಲೆ ನನಗೆ ಮೊದಲ ಅನುಮಾನ. ಹಳೇ ಮಷಿನ್ ಆದ್ರೆ ಸೈಲೆನ್ಸರ್ ಬಿಚ್ಚಿಸಿ ಟಾರ್ಚ್ ಹಾಕಿ ಪಿಸ್ಟನ್ ನೋಡದೆ ಮಾತೇ ಆಡಬೇಡಿ, ಉದ್ದುದ್ದ ಗೀರು ಕಂಡ್ರೆ ವಾಪಸ್ ಬನ್ನಿ.

ಚೈನ್ ನಿಲ್ಲಿಸೋ ಬ್ರೇಕ್ ಏಟಿಗೆ ತಾನೇ ಬೀಳುತ್ತಾ ಅನ್ನೋ ಪರೀಕ್ಷೆ ಇಂಜಿನ್ ಆಫ್ ಮಾಡಿಯೇ ಮಾಡೋದು. ಹಿಂದಿನ ಹಿಡಿ ಮಾತ್ರ ಹಿಡ್ಕೊಂಡು ಬಾರ್ ತುದಿನ ಮರದ ಬೊಡ್ಡೆ ಮೇಲೆ ಬೀಳೋಕೆ ಬಿಟ್ರೆ, ಆ ಏಟಿಗೇ ಬ್ರೇಕ್ ಬೀಳಬೇಕು. ಬಾರ್ ತುದಿಯ ಮೇಲಿನ ಕಾಲುಭಾಗ ಏನಕ್ಕಾದ್ರೂ ತಾಗಿದ್ರೆ ಮಷಿನ್ ಮುಖಕ್ಕೆ ಚಿಮ್ಮುತ್ತೆ, ದೊಡ್ಡ ಮಷಿನ್‌ನಲ್ಲಿ ಆ ಏಟು ತಡೆಯೋ ತೋಳು ಯಾರಿಗೂ ಇಲ್ಲ. ಮಷಿನ್‌ನಿಂದ ಕೈಗೆ ಬರೋ ನಡುಕದ ಲೆಕ್ಕನೂ ನೋಡಿ, ಯುರೋಪಿನ 2002ರ ನಿಯಮದಲ್ಲಿ 8 ಗಂಟೆಯ ಕೆಲಸಕ್ಕೆ 5 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಗರಿಷ್ಠ ಮಿತಿ, 2.5 ದಾಟಿದ್ರೇನೇ ಮಾಲೀಕ ಕ್ರಮ ತಗೋಬೇಕು. ನಡುಕ ತಡೆಯೋ ಸ್ಪ್ರಿಂಗ್ ಅಥವಾ ರಬ್ಬರ್ ಹರಿದಿರೋ ಮಷಿನ್ ಹಿಡಿದ್ರೆ ಸಂಜೆ ಹೊತ್ತಿಗೆ ಬೆರಳು ಮರಗಟ್ಟುತ್ತೆ.

ಇನ್ನು ನಿಮಗೆ ಇಷ್ಟು ದೊಡ್ಡದು ಬೇಕಾ ಅನ್ನೋದು. ವರ್ಷಕ್ಕೆ ಒಂದೋ ಎರಡೋ ಭಾರೀ ದಿಮ್ಮಿ, ಮಿಕ್ಕಿದ್ದೆಲ್ಲಾ ಎರಡು ಅಡಿ ಒಳಗಿಂದು ಅಂದ್ರೆ 70 ಸಿಸಿ ಮಷಿನ್ ಸಾಕು, ದಪ್ಪಂದು ಬಂದಾಗ ಎರಡೂ ಕಡೆಯಿಂದ ಕೊಯ್ಯಬಹುದು, ಸೊಂಟನೂ ಉಳಿಯುತ್ತೆ. ಆದ್ರೆ ದಿಮ್ಮಿನ ಉದ್ದಕ್ಕೆ ಸೀಳಿ ಹಲಗೆ ಮಾಡೋದಾದ್ರೆ 90ರ ಕೆಳಗೆ ಯೋಚನೆ ಮಾಡಬೇಡಿ. ಅಡ್ಡ ಕೊಯ್ಯೋವಾಗ ಇಂಜಿನ್‌ಗೆ ನಡುನಡುವೆ ಬಿಡುವು ಸಿಗುತ್ತೆ, ಸೀಳೋವಾಗ ನಿಮಿಷಗಟ್ಟಲೆ ಫುಲ್ ಲೋಡ್. ಅದಕ್ಕೆ ಹಲ್ಲಿನ ಕೋನ 10 ಡಿಗ್ರಿ ಇರೋ ರಿಪ್ಪಿಂಗ್ ಚೈನ್ ಹಾಕಿ, ಕಾರ್ಬೊರೇಟರ್ ಸ್ವಲ್ಪ ರಿಚ್ ಕಡೆ, ಅಂದ್ರೆ ಪೆಟ್ರೋಲ್ ಹೆಚ್ಚು ಹೋಗೋ ಹಾಗೆ, ಇಡಿ, ಸೀಳು ಮುಗಿದ ತಕ್ಷಣ ಸ್ವಿಚ್ ಆಫ್ ಮಾಡದೆ ಒಂದು ನಿಮಿಷ ಐಡಲ್‌ನಲ್ಲಿ ಓಡಿಸಿ, ಫ್ಯಾನ್ ಗಾಳಿಗೆ ಸಿಲಿಂಡರ್ ಆರಲಿ.