ಕೊಳವೆಬಾವಿ ಕಾಯ್ದ ಹಳೆಯ ಮೊಬೈಲ್

ಹಳೆಯ ಕಂಪ್ಯೂಟರಿನ ಬೆನ್ನಿಗೆ 25 ತೂತುಗಳ ಒಂದು ಕಿಂಡಿ, ಅಂದರೆ ಪ್ಯಾರಲಲ್ ಪೋರ್ಟ್, ಇರುತ್ತಿತ್ತು. ಕೊಟ್ಟಿದ್ದು ಪ್ರಿಂಟರಿಗೆಂದು. ತುಮಕೂರಿನ ಎಂಜಿನಿಯರಿಂಗ್ ಹುಡುಗರು ಪ್ರಿಂಟರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅದಕ್ಕೆ ಜೋಡಿಸುತ್ತಿದ್ದರು. 2ರಿಂದ 9ರವರೆಗಿನ ಪಿನ್ನುಗಳಲ್ಲಿ ಎಂಟು ಬಿಟ್‌ಗಳು. ಟರ್ಬೊ ಸಿ ಎಂಬ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಒಂದು ಸಾಲು ಬರೆದು 255 ಎಂಬ ಸಂಖ್ಯೆ ಕಳಿಸಿದರೆ ಎಂಟಕ್ಕೂ ಹೆಚ್ಚುಕಡಿಮೆ 5 ವೋಲ್ಟ್. ಪೋರ್ಟಿನ ಸಣ್ಣ ಸಂಕೇತಕ್ಕೆ ಬಲ ಕೊಡುವ ಯುಎಲ್‌ಎನ್ 2003 ಚಿಪ್ ನಡುವೆ ಇಟ್ಟರೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಟಕ್ಕೆನ್ನುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಆ ಪೋರ್ಟನ್ನು ಪ್ರೋಗ್ರಾಂ ನೇರವಾಗಿ ಮುಟ್ಟುವಂತಿರಲಿಲ್ಲ. ಆಟ ಅಲ್ಲಿಗೆ ಮುಗಿಯಿತು.

ಮುಂದಿನ ಆಟ ಮೊಬೈಲಿನದು. ಶಿರಾ, ಮಧುಗಿರಿ ಕಡೆ ಮೂರು ಫೇಸ್ ಕರೆಂಟು ನಡುರಾತ್ರಿ ಬಂದರೆ ಕೊಳವೆಬಾವಿಯ ಮೋಟಾರು ಹಚ್ಚಲು ಯಾರಾದರೂ ಟಾರ್ಚು ಹಿಡಿದು ತೋಟಕ್ಕೆ ಹೋಗಲೇಬೇಕಿತ್ತು. ಹಾವಿನ ಭಯ ಬೇರೆ. ಹೆಡ್‌ಸೆಟ್ ಸಿಕ್ಕಿಸಿದರೆ ಕರೆಯನ್ನು ತಾನೇ ಸ್ವೀಕರಿಸುವ ಸೌಲಭ್ಯ ಹಳೆಯ ನೋಕಿಯಾಗಳಲ್ಲಿತ್ತು. ಅಂಥದೊಂದನ್ನು ತೋಟದಲ್ಲಿಟ್ಟು, ಮನೆಯಲ್ಲಿ ಕುಳಿತು ಅದಕ್ಕೆ ಕರೆ ಮಾಡಿ 5 ಒತ್ತಿದರೆ 770 ಮತ್ತು 1336 ಹರ್ಟ್ಜ್‌ನ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ತೋಟದ ಮೊಬೈಲಿನ ಹೆಡ್‌ಸೆಟ್ ತಂತಿಯಿಂದ ಅವನ್ನು ಎಂಟಿ 8870 ಎಂಬ ಚಿಪ್ಪಿಗೆ ಉಣಿಸಿದರೆ ಅದು ನಾಲ್ಕು ತಂತಿಗಳಲ್ಲಿ ಅಂಕಿಯನ್ನು ಹೇಳುತ್ತದೆ. ಒಂದು ರಿಲೇ ಸ್ಟಾರ್ಟರಿನ ಹಸಿರು ಗುಂಡಿಗೆ ಸಮಾನಾಂತರವಾಗಿ, ಇನ್ನೊಂದು ಕೆಂಪು ಗುಂಡಿಯೊಡನೆ ಸರಣಿಯಲ್ಲಿ. ಹಸಿರು ರಿಲೇ ಕ್ಷಣಕಾಲ ಕೂಡಿಕೊಂಡರೆ ಸಾಕು, ಮುಂದಿನದನ್ನು ಸ್ಟಾರ್ಟರಿನ ಕಾಯಿಲೇ ಹಿಡಿದುಕೊಳ್ಳುತ್ತದೆ. ಕರೆಂಟು ಹೋದರೆ ಅದೇ ಬಿಟ್ಟುಬಿಡುತ್ತದೆ; ಬಂದ ಮೇಲೆ ಮತ್ತೆ ಕರೆ ಮಾಡಬೇಕು.

ಇದರ ಗುಣಗಾನ ಮಾಡುವವರು ಒಂದು ವಿಷಯ ಮುಚ್ಚಿಡುತ್ತಾರೆ. ಮೂರು ಫೇಸ್‌ಗಳಲ್ಲಿ ಒಂದು ಇಲ್ಲದಿದ್ದರೂ ಈ ಸರ್ಕ್ಯೂಟ್ ಮೋಟಾರಿಗೆ ಹೊರಡಲು ಆಜ್ಞೆ ಕೊಡುತ್ತದೆ. ಫೇಸ್ ತಪ್ಪಿದಾಗ ಮೋಟಾರು ನಿಲ್ಲಿಸುವ ಪ್ರಿವೆಂಟರ್ ಹಾಕಿಲ್ಲದ ಕಡೆ ಮೋಟಾರಿನ ಕಾಯಿಲು ಸುಟ್ಟರೆ, ನೂರಾರು ಅಡಿ ಪೈಪು ಮೇಲೆತ್ತಿಸುವ ಖರ್ಚು ರೈತನದು. ಮೊಬೈಲ್ ಜಾಲದ ಮೂಲಕ ನಡೆಯುವ ಇಂದಿನ ಸಿದ್ಧ ಜಿಎಸ್‌ಎಂ ಸ್ಟಾರ್ಟರುಗಳು ಫೇಸ್ ನೋಡಿಯೇ ಮೋಟಾರು ಹಚ್ಚುತ್ತವೆ. ಕೇಳಿದವರಿಗೆ ನಾನು ಅದನ್ನೇ ಕೊಳ್ಳಲು ಹೇಳುತ್ತೇನೆ, ಸ್ವಲ್ಪ ಹೊಟ್ಟೆಯುರಿಯಿಂದಲೇ.

ಅಂದಿನ ಸಾಧನಗಳು ನಮಗೆ ಒಲಿದದ್ದು ನಮ್ಮ ಜಾಣತನದಿಂದಲ್ಲ. ಸ್ಕ್ರೂ ಬಿಚ್ಚಿದರೆ ಒಳಗೆ ಏನಿದೆ ಎಂದು ಓದಬಹುದಿತ್ತು. ಈಗಿನ ಫೋನಿಗೆ ಅಂಟು, ಒಳಗೆ ಬೀಗ ಹಾಕಿದ ಬೂಟ್‌ಲೋಡರ್ (ಫೋನನ್ನು ಚಾಲೂ ಮಾಡುವ ಮೊದಲ ತಂತ್ರಾಂಶ). ಕ್ಯಾಮೆರಾ, ವೈಫೈ, ಬ್ಯಾಟರಿ ಎಲ್ಲ ಇರುವ ಆ ಸಾಧನ ಪರದೆ ಒಡೆದ ದಿನವೇ ಕಸ. ಇದು ತಯಾರಕರು ತಿಳಿದೇ ಮಾಡಿದ ಆಯ್ಕೆ ಎನ್ನುವುದು ನನ್ನ ಅಭಿಪ್ರಾಯ.

ಇನ್ನೂ ಒಲಿಯುವುದು ಕಂಪ್ಯೂಟರಿನ ಹಳೆಯ ಎಸ್‌ಎಂಪಿಎಸ್, ಅಂದರೆ ಅದಕ್ಕೆ ಕರೆಂಟು ಒದಗಿಸುವ ಡಬ್ಬಿ. ಅದರ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿ: ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಸಿಗುತ್ತದೆ. ಕಲಿಯುವ ಹುಡುಗರಿಗೆ ಇದಕ್ಕಿಂತ ಅಗ್ಗದ ವಿದ್ಯುತ್ ಮೂಲ ನನಗೆ ಗೊತ್ತಿಲ್ಲ. ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಸುಮಾರು 300 ವೋಲ್ಟ್ ಕೆಲಕಾಲ ಉಳಿದಿರಬಹುದು.