ಇಸಿಲ್ದುರ್‌ಗೆ ಗುರು-ಲಘು: ಫ್ಯಾಂಟಸಿ ಹೆಸರುಗಳನ್ನು ಉಚ್ಚರಿಸುವ ಬಗೆ

ಫ್ಯಾಂಟಸಿ ಕಾದಂಬರಿಗಳಲ್ಲಿ ಬರುವ ಹೊಸ ಹೆಸರುಗಳನ್ನು ನಾವು ಎಷ್ಟೋ ಸಲ ಓದುವುದೇ ಇಲ್ಲ, ನೋಡಿ ಮುಂದೆ ಹೋಗುತ್ತೇವೆ. ‘ಸಿ’ಯಿಂದ ಶುರುವಾಗಿ ‘ಎನ್’ನಲ್ಲಿ ಮುಗಿಯುವ ಉದ್ದದ ಹೆಸರು ಅಂತ ಕಣ್ಣು ಗುರುತು ಹಿಡಿದರೆ ಸಾಕು, ಕಥೆ ಓಡುತ್ತದೆ. ತೊಂದರೆ ಬರುವುದು ಬಾಯಿಬಿಟ್ಟು ಹೇಳಬೇಕಾದಾಗ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯಲ್ಲಿ ಮಾತಿಗೆ ನಿಂತಾಗ, ಕಾಲೇಜಿನ ಸೆಮಿನಾರಿನಲ್ಲಿ, ಗೆಳೆಯರ ಜೊತೆ ವಾದಕ್ಕೆ ಇಳಿದಾಗ. ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಬರುವ, ಎಲ್ಫ್ ಎಂಬ ಕಲ್ಪಿತ ಜನಾಂಗದ ಒಂದು ಪಾತ್ರವನ್ನು ಒಬ್ಬರು ಸೆಲೆಬಾರ್ನ್ ಅಂತಾರೆ, ಇನ್ನೊಬ್ಬರು ಕೆಲೆಬೊರ್ನ್ ಅಂತಾರೆ, ಮೂರನೆಯವರು ‘ಅದೇ, ಆ ಎಲ್ಫ್ ರಾಜ’ ಅಂತ ತಪ್ಪಿಸಿಕೊಳ್ಳುತ್ತಾರೆ.

ಇಂಥ ಹೆಸರುಗಳನ್ನು ಬಿಡಿಸಲು ಬೇಕಾದ ಸಲಕರಣೆ ನಮ್ಮ ಕೈಯಲ್ಲೇ ಇದೆ. ಹೈಸ್ಕೂಲಿನ ಕನ್ನಡ ವ್ಯಾಕರಣ ಮತ್ತು ಛಂದಸ್ಸಿನ ಪಾಠ ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ.

ತಲೆಯೊಳಗೆ ಏನಾಗುತ್ತದೆ?

ಓದುವಿಕೆಯನ್ನು ಅಧ್ಯಯನ ಮಾಡುವವರು ಎರಡು ದಾರಿಗಳ ಬಗ್ಗೆ ಹೇಳುತ್ತಾರೆ. ಗೊತ್ತಿರುವ ಪದವಾದರೆ ಇಡೀ ಪದವನ್ನು ಒಮ್ಮೆಗೇ ಗುರುತಿಸುತ್ತೇವೆ. ಗೊತ್ತಿಲ್ಲದ ಪದವಾದರೆ ಅಕ್ಷರ ಅಕ್ಷರವಾಗಿ ಬಿಡಿಸಿ ಧ್ವನಿ ಕಟ್ಟುತ್ತೇವೆ. ಕಲ್ಪಿತ ಹೆಸರಿಗೆ ಮೊದಲ ದಾರಿ ಮುಚ್ಚಿದೆ, ಯಾಕೆಂದರೆ ಅದನ್ನು ಯಾರ ಬಾಯಲ್ಲೂ ಕೇಳಿಲ್ಲ. ಎರಡನೇ ದಾರಿ ಇಂಗ್ಲಿಷಿನಲ್ಲಿ ಕಷ್ಟ. ಅಲ್ಲಿ ‘ಸಿ’ ಒಮ್ಮೆ ಸ, ಒಮ್ಮೆ ಕ. ‘ಇ-ಎ’ ಜೋಡಿಗೆ ಎಷ್ಟು ಉಚ್ಚಾರಣೆ ಇದೆಯೋ ಲೆಕ್ಕ ಇಟ್ಟವರೇ ಬಲ್ಲರು. ಕನ್ನಡದಲ್ಲಿ ಹಾಗಲ್ಲ. ಎಂದೂ ಕೇಳದ ಊರಿನ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಕಂಡರೂ ಸರಿಯಾಗೇ ಓದಿಬಿಡುತ್ತೇವೆ, ಅಲ್ವಾ?

ಮನಸ್ಸಿನಲ್ಲೇ ಓದಿಕೊಂಡರೂ ಒಳಗೊಂದು ದನಿ ಇರುತ್ತದೆ, ಅದಕ್ಕೆ ನಮ್ಮದೇ ಊರಿನ ಧಾಟಿ ಇರುತ್ತದೆ. ಈ ಬಗ್ಗೆ ಫಿಲಿಕ್ ಮತ್ತು ಬಾರ್ಬರ್ ಎಂಬ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉತ್ತರ ಇಂಗ್ಲೆಂಡಿನವರಿಗೂ ದಕ್ಷಿಣ ಇಂಗ್ಲೆಂಡಿನವರಿಗೂ ಲಿಮರಿಕ್ ಎಂಬ ಐದು ಸಾಲಿನ ಪ್ರಾಸಪದ್ಯಗಳನ್ನು ಮನಸ್ಸಿನಲ್ಲೇ ಓದಲು ಕೊಟ್ಟು, ಕಣ್ಣಿನ ಚಲನೆ ಅಳೆದರು. ಪ್ರಾಸ ಓದುಗರ ಸ್ವಂತ ಉಚ್ಚಾರಣೆಗೆ ಹೊಂದದ ಕಡೆ ಕಣ್ಣು ತಡವರಿಸಿತ್ತು. ಬಾಯಿ ಆಡದಿದ್ದರೂ ಧಾಟಿ ಕೆಲಸ ಮಾಡುತ್ತಲೇ ಇತ್ತು. ಹಾಗಾಗಿ ಒಂದೇ ಹೆಸರು ಮೈಸೂರಿನವರ ತಲೆಯಲ್ಲಿ ಒಂದು ಥರ, ಧಾರವಾಡದವರ ತಲೆಯಲ್ಲಿ ಇನ್ನೊಂದು ಥರ ಕೇಳಿಸುತ್ತಿದ್ದರೆ ಆಶ್ಚರ್ಯ ಬೇಡ.

ಬೆಂಗಳೂರಿನ ‘ಟಿ-ಎಚ್’

ನಮ್ಮ ಊರಿಗೇ ಸೇರಿದ ಒಂದು ಅಭ್ಯಾಸವನ್ನು ಇಲ್ಲಿ ಗಮನಿಸಬೇಕು. ಯಶವಂತಪುರ, ಶಾಂತಿನಗರ, ವಸಂತನಗರದ ಇಂಗ್ಲಿಷ್ ಬೋರ್ಡುಗಳನ್ನು ನೋಡಿ. ‘ತ’ ಇರುವ ಕಡೆ ‘ಟಿ-ಎಚ್’ ಇರುತ್ತದೆ. ಗೀತಾ, ಲತಾ, ಸವಿತಾ ಎಂಬ ಹೆಸರುಗಳನ್ನೂ ನಮ್ಮಲ್ಲಿ ಹಾಗೇ ಬರೆಯುತ್ತಾರೆ. ಉತ್ತರ ಭಾರತದಲ್ಲಿ ಅದೇ ‘ತ’ಗೆ ಬರೀ ‘ಟಿ’ ಸಾಕು. ಹಾಗಾಗಿ ‘ಟಿ-ಎಚ್’ ಕಂಡ ತಕ್ಷಣ ಬೆಂಗಳೂರಿನ ಓದುಗರ ನಾಲಿಗೆ ‘ತ’ ಕಡೆಗೆ ಹೋಗುತ್ತದೆ. ಟೋಲ್ಕಿನ್ ಕಾದಂಬರಿಯ ಡೆನೆಥೊರ್ ಎಂಬ ಹೆಸರು ಡೆನೆತೋರ್ ಆಗುತ್ತದೆ. ಅದನ್ನು ಬರೆದವನ ಮನಸ್ಸಿನಲ್ಲಿದ್ದದ್ದು ನಾಲಿಗೆಯ ತುದಿ ಹಲ್ಲಿಗೆ ತಾಗಿ ಗಾಳಿ ಸುಸೂತ್ರವಾಗಿ ಹೊರಬರುವ ಧ್ವನಿ. ಅದಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ. ‘ಥ’ ಅಂತ ಬರೆದುಕೊಳ್ಳೋಣ, ಆದರೆ ‘ಥ’ ಹೇಳುವಾಗ ಗಾಳಿ ಒಮ್ಮೆ ತಡೆದು ಬಿಡುಗಡೆ ಆಗುತ್ತದೆ, ಅಲ್ಲಿ ತಡೆ ಇಲ್ಲ ಎಂಬುದು ನೆನಪಿರಲಿ.

ಟೋಲ್ಕಿನ್ ಕೊಟ್ಟ ನಿಯಮಗಳು

ಈ ಭಾಗದಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ, ಯಾಕೆಂದರೆ ಕಲಿಯಲು ಜಾಸ್ತಿ ಇರುವುದು ಇಲ್ಲೇ. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಮೂರನೇ ಸಂಪುಟ 1955ರಲ್ಲಿ ಬಂತು. ಅದರ ಕೊನೆಯಲ್ಲಿರುವ ‘ಇ’ ಅನುಬಂಧದಲ್ಲಿ ಹೆಸರುಗಳನ್ನು ಹೇಗೆ ಹೇಳಬೇಕೆಂದು ವಿವರವಾಗಿ ಬರೆದಿದ್ದಾರೆ. ಕಥೆ ಮುಗಿದ ಮೇಲೆ ಬರುವುದರಿಂದ ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ದಯವಿಟ್ಟು ತೆರೆಯಿರಿ.

ಎಲ್ಫ್ ಭಾಷೆಗಳ ಹೆಸರುಗಳಲ್ಲಿ ‘ಸಿ’ ಯಾವಾಗಲೂ ಕ. ಹಾಗಾಗಿ ಕೆಲೆಬೊರ್ನ್, ಕೀರ್ದನ್. ‘ಎ-ಯು’ ಜೋಡಿ ನಮ್ಮ ಔ. ಸಾರಾನ್ ಅಲ್ಲ, ಸೌರೊನ್. ಎರಡು ಸಲ ಬರೆದ ವ್ಯಂಜನವನ್ನು ಒತ್ತಿ ಹೇಳಬೇಕು. ಇಂಗ್ಲಿಷ್ ಮನೆಮಾತಿನವರಿಗೆ ಇದು ಕಷ್ಟ, ಹಳಿ ಮತ್ತು ಹಳ್ಳಿ ಬೇರೆ ಬೇರೆ ಅಂತ ಚಿಕ್ಕಂದಿನಿಂದ ಗೊತ್ತಿರುವ ನಮಗೆ ಸಲೀಸು. ಎಲೆಸ್ಸರ್ ಅಂತ ಸ-ಒತ್ತು ಕೊಟ್ಟೇ ಹೇಳಿ. ಎ-ಏ, ಒ-ಓ ಭೇದವೂ ಅಷ್ಟೆ. ಸ್ವರದ ಮೇಲೆ ಓರೆಗೀಟು ಇದ್ದರೆ ದೀರ್ಘ, ಇಲ್ಲದಿದ್ದರೆ ಹ್ರಸ್ವ. ದಿನಬಳಕೆಯ ಹಿಂದಿ ಬರವಣಿಗೆಯಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಅಕ್ಷರ ಇಲ್ಲ, ಕನ್ನಡದಲ್ಲಿದೆ. ಕೇಳಿದ್ದನ್ನು ಕೇಳಿದ ಹಾಗೇ ಬರೆದಿಡಬಹುದು.

ಒಂದು ಕಡೆ ಮಾತ್ರ ಕನ್ನಡ ನಮ್ಮನ್ನು ಎಳೆಯುತ್ತದೆ. ಫೆಅನೊರ್ ಎಂಬ ಹೆಸರಿನಲ್ಲಿ ಇಂಗ್ಲಿಷಿನ ‘ಇ’ ಅಕ್ಷರದ ಮೇಲೆ ಎರಡು ಚುಕ್ಕಿ ಇರುತ್ತದೆ. ಎರಡು ಸ್ವರಗಳನ್ನು ಬೇರೆ ಬೇರೆಯಾಗಿ ಹೇಳಿ ಎಂಬುದಕ್ಕೆ ಆ ಗುರುತು. ಆದರೆ ಕನ್ನಡಕ್ಕೆ ಎರಡು ಸ್ವರ ಪಕ್ಕಪಕ್ಕ ಕೂರುವುದು ಒಗ್ಗುವುದಿಲ್ಲ. ಮನೆ, ಅನ್ನು ಸೇರಿದರೆ ನಡುವೆ ಯ ಬಂದು ಮನೆಯನ್ನು ಆಗುತ್ತದೆ. ಅದೇ ಆಗಮ ಸಂಧಿ ಇಲ್ಲೂ ನುಗ್ಗಿ ‘ಫೆಯನೋರ್’ ಮಾಡಿಸುತ್ತದೆ. ಇದನ್ನು ದೊಡ್ಡ ತಪ್ಪು ಅಂತ ನಾನು ಎಣಿಸುವುದಿಲ್ಲ, ಆದರೆ ಎಲ್ಲಿಂದ ಬಂತು ಅಂತ ಗೊತ್ತಿರಲಿ.

ಒತ್ತು ಎಲ್ಲಿ ಬೀಳಬೇಕು?

ಹೆಸರಿನ ಯಾವ ಭಾಗವನ್ನು ಬಲವಾಗಿ ಹೇಳಬೇಕು ಎಂಬುದಕ್ಕೂ ಅನುಬಂಧದಲ್ಲಿ ನಿಯಮ ಇದೆ. ಲ್ಯಾಟಿನ್ ಭಾಷೆಯ ನಿಯಮವೂ ಹೀಗೇ ಇದೆ. ಇಂಗ್ಲಿಷಿನಲ್ಲಿ ಓದಿದರೆ ತಲೆ ತಿರುಗುತ್ತದೆ. ನಮ್ಮ ಛಂದಸ್ಸಿನ ಮಾತಲ್ಲಿ ಹೇಳಿದರೆ ಎರಡೇ ಸಾಲು. ಎರಡು ಭಾಗದ ಹೆಸರಾದರೆ ಬಲ ಸಾಮಾನ್ಯವಾಗಿ ಮೊದಲನೆಯದಕ್ಕೆ. ಅದಕ್ಕಿಂತ ಉದ್ದವಾದರೆ ಕೊನೆಯಿಂದ ಎರಡನೆಯದನ್ನು ನೋಡಿ, ಅದು ಗುರುವಾದರೆ ಬಲ ಅಲ್ಲೇ, ಲಘುವಾದರೆ ಬಲ ಅದರ ಹಿಂದಿನದಕ್ಕೆ.

ಗುರು ಯಾವುದು? ದೀರ್ಘಾಕ್ಷರ, ಐ-ಔ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ. ಟೋಲ್ಕಿನ್ ಹೇಳುವುದೂ ಇವನ್ನೇ: ದೀರ್ಘ ಸ್ವರ, ಸಂಯುಕ್ತ ಸ್ವರ, ಎರಡು ವ್ಯಂಜನಗಳ ಮುಂಚೆ ಬರುವ ಸ್ವರ.

ಈಗ ಇಸಿಲ್ದುರ್ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆದರೆ ಇ, ಸಿ, ಲ್ದುರ್. ‘ಲ್ದು’ ಒತ್ತಕ್ಷರ. ಅದರ ಹಿಂದಿನ ‘ಸಿ’ ಗುರು. ಬಲ ಅಲ್ಲೇ ಬೀಳಬೇಕು: ಇ-ಸಿಲ್-ದುರ್. ಇನ್ನು ಡೆನೆಥೊರ್. ಡೆ, ನೆ, ಥೊರ್. ನಡುವಿನ ‘ನೆ’ ಹ್ರಸ್ವ, ಮುಂದೆ ಒತ್ತಕ್ಷರವೂ ಇಲ್ಲ, ಲಘು. ಬಲ ಒಂದು ಹೆಜ್ಜೆ ಹಿಂದಕ್ಕೆ: ಡೆ-ನೆ-ಥೊರ್. ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಇಂಗ್ಲಿಷಿನಲ್ಲಿ ‘ಟಿ-ಎಚ್’ ಎರಡು ಅಕ್ಷರವಾಗಿ ಕಾಣುವುದರಿಂದ ‘ನೆ’ ಮುಂದೆ ಎರಡು ವ್ಯಂಜನ ಇವೆ ಅನ್ನಿಸಿ ಮೋಸ ಹೋಗಬಹುದು. ಟೋಲ್ಕಿನ್ ಲೆಕ್ಕದಲ್ಲಿ ಅದು ಒಂದೇ ವ್ಯಂಜನ. ಕನ್ನಡದಲ್ಲಿ ‘ಥ’ ಅಂತ ಬರೆದುಕೊಂಡವರಿಗೆ ಆ ಗೊಂದಲವೇ ಇಲ್ಲ. ಹಾಗಾಗಿ ನನ್ನ ಸಲಹೆ: ಹೊಸ ಹೆಸರು ಮೊದಲ ಸಲ ಕಂಡಾಗ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದು, ಗುರು-ಲಘು ಹಾಕಿ. ಮುಂದಿನ ಪುಟಗಳಲ್ಲಿ ಆ ಹೆಸರಿಗೆ ದನಿ ತಾನಾಗೇ ಬರುತ್ತದೆ.

ಎಲ್ಫ್ ಭಾಷೆಗಳಿಗಾಗಿ ಟೋಲ್ಕಿನ್ ಅವರೇ ಕಟ್ಟಿದ ತೆಂಗ್ವಾರ್ ಲಿಪಿ ನೋಡಿದರೆ ನಮ್ಮವರಿಗೆ ಇನ್ನೂ ಖುಷಿಯಾಗಬೇಕು. ಮೂಲ ಅಕ್ಷರಗಳು 24. ಅವು ನಾಲ್ಕು ಕಂಬಸಾಲು, ಆರು ಅಡ್ಡಸಾಲಿನಲ್ಲಿ ಕೂತಿವೆ. ಕಂಬಸಾಲು ಬಾಯಿಯ ಸ್ಥಾನಕ್ಕೆ, ಅಡ್ಡಸಾಲು ಉಚ್ಚರಿಸುವ ರೀತಿಗೆ. ‘ತ’ ಇದ್ದದ್ದು ‘ದ’ ಆಗಬೇಕಾದರೆ ಅಕ್ಷರದ ಬಿಲ್ಲಿನಂಥ ಬಾಗನ್ನು ಎರಡು ಮಾಡಿದರಾಯಿತು. ಇದು ನಮ್ಮ ವರ್ಗೀಯ ವ್ಯಂಜನಗಳ ಯೋಚನೆಗೆ ಎಷ್ಟು ಹತ್ತಿರ ನೋಡಿ. ಸ್ವರಗಳನ್ನು ವ್ಯಂಜನದ ಮೇಲೆ ಗುರುತಾಗಿ ಬರೆಯುತ್ತಾರೆ. ಎಲ್ಫ್ ಭಾಷೆಗಳಲ್ಲಿ ಒಂದಾದ ಕ್ವೆನ್ಯಾದಲ್ಲಿ ಹೆಚ್ಚಿನ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಆ ಗುರುತು ಹಿಂದಿನ ವ್ಯಂಜನದ ಮೇಲೆ ಕೂರುತ್ತದೆ, ನಮ್ಮ ಗುಣಿತಾಕ್ಷರದ ಹಾಗೆ. ಇನ್ನೊಂದು ಎಲ್ಫ್ ಭಾಷೆ ಸಿಂಡರಿನ್, ಅದರ ಪದಗಳು ಹೆಚ್ಚಾಗಿ ವ್ಯಂಜನದಲ್ಲಿ ಮುಗಿಯುತ್ತವೆ, ಅಲ್ಲಿ ಮುಂದಿನ ವ್ಯಂಜನದ ಮೇಲೆ.

ನಿಯಮ ಸಿಗದ ಕಡೆ

ಎಲ್ಲ ಲೇಖಕರೂ ಹೀಗೆ ವ್ಯವಸ್ಥೆ ಕಟ್ಟುವುದಿಲ್ಲ. ರಾಬರ್ಟ್ ಜೋರ್ಡನ್ ಅವರ ‘ದ ಐ ಆಫ್ ದ ವರ್ಲ್ಡ್’ 1990ರಲ್ಲಿ ಬಂತು. ಅದರ ಕೊನೆಯ ಪದಪಟ್ಟಿಯಲ್ಲಿ ಉಚ್ಚಾರಣೆ ಕೊಟ್ಟಿದ್ದಾರೆ: ಎಗ್ವೇನ್, ನೈನೀವ್, ಮ್ವರೇನ್. ಕೊನೆಯದನ್ನು ನಮ್ಮಲ್ಲಿ ಮೊಯ್ರೇನ್ ಅಂತ ಓದುವುದೇ ಸಹಜ. ಕಾಗುಣಿತ ನೋಡಿ ಊಹಿಸಲು ದಾರಿ ಇಲ್ಲ, ಪಟ್ಟಿಯನ್ನೇ ನೋಡಬೇಕು.

ಕೆಲವು ಸಲ ಪರದೆ ತೀರ್ಮಾನ ಮಾಡಿಬಿಡುತ್ತದೆ. ಹ್ಯಾರಿ ಪಾಟರ್ ಕಥೆಗಳ ಖಳನಾಯಕ ವೋಲ್ಡೆಮೊರ್ಟ್ ಹೆಸರಿನ ಕೊನೆಯ ‘ಟಿ’ಯನ್ನು ಉಚ್ಚರಿಸಬಾರದು ಅಂತ ಲೇಖಕಿ ರೌಲಿಂಗ್ 2015ರಲ್ಲಿ ಹೇಳಿದರು. ಅಷ್ಟು ಹೊತ್ತಿಗೆ ಸಿನಿಮಾ ನೋಡಿದ ಎಲ್ಲರ ಬಾಯಲ್ಲೂ ‘ಟ್’ ಕೂತಾಗಿತ್ತು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಗಾಗಿ ದೋತ್ರಾಕಿ ಭಾಷೆ ಕಟ್ಟಿದ ಡೇವಿಡ್ ಪೀಟರ್ಸನ್ ಅವರ ಕಥೆಯೂ ಇದೇ. ಅವರ ನಿಯಮದಲ್ಲಿ ಎರಡು ‘ಇ’ ಬಂದರೆ ಅದು ಈ ಅಲ್ಲ, ಹೆಚ್ಚುಕಮ್ಮಿ ಏ. ಖಲೀಸಿ ಎಂದು ಧಾರಾವಾಹಿಯಲ್ಲಿ ಕೇಳುವುದು ಹೆಚ್ಚುಕಮ್ಮಿ ಖಲೇಸಿ ಆಗಬೇಕಿತ್ತು.

ಹಾಗಾದರೆ ಯಾರ ಮಾತು ಸರಿ? ನನ್ನ ನಿಲುವು ಇದು: ಲೇಖಕರು ಭಾಷೆಯನ್ನೇ ಕಟ್ಟಿದ್ದರೆ ಅವರ ನಿಯಮ ಕಲಿಯಿರಿ, ಯಾಕೆಂದರೆ ಆ ಧ್ವನಿಗಳೂ ಕೃತಿಯ ಭಾಗ. ಹೆಸರು ಬರೀ ಕಾಗುಣಿತವಾಗಿ ಹುಟ್ಟಿ ಪುಸ್ತಕದಲ್ಲಿ ಎಲ್ಲೂ ಸುಳಿವೇ ಇಲ್ಲದಿದ್ದರೆ ನಿಮ್ಮ ನಾಲಿಗೆಗೆ ಬಂದದ್ದೇ ಸರಿ. ಲೇಖಕರು ವರ್ಷಗಳ ನಂತರ ಬೇರೆ ಹೇಳಿದರೆ ಕೇಳಿಸಿಕೊಳ್ಳಿ, ಆದರೆ ನಿಮ್ಮ ಓದನ್ನು ಅಳಿಸಬೇಕಾಗಿಲ್ಲ.

ಅಭ್ಯಾಸಕ್ಕೆ ನಾಲ್ಕು ಹೆಸರು, ನಾಲ್ಕೂ ಅದೇ ಅನುಬಂಧದವು: ಪೆಲರ್ಗಿರ್, ಎಲೆನ್ತಾರಿ, ಎಕ್ಥೆಲಿಒನ್, ಎರೆಸ್ಸೆಅ. ಮೊದಲೆರಡಕ್ಕೆ ಬಲ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ, ಕಾರಣ ಎರಡಕ್ಕೂ ಬೇರೆ ಬೇರೆ. ಕೊನೆಯ ಎರಡನ್ನು ನೀವೇ ಗುರು-ಲಘು ಹಾಕಿ ಬಿಡಿಸಿ. ‘ಎರೆಸ್ಸೆಅ’ದಲ್ಲಿ ‘ಸ್ಸೆ’ ಗುರುವೋ, ಅದರ ಹಿಂದಿನ ‘ರೆ’ ಗುರುವೋ ಅಂತ ನೋಡಿ ಆಮೇಲೆ ಬಲ ಹಾಕಿ.