‘ಹೈಪೋಥರ್ಮಿಯಾ’ ಅಂದರೆ ಜ್ವರ ಬಿಟ್ಟಾವ ಅಂತಲ್ಲ

ಜ್ವರ ಇಳಿದದ್ದನ್ನೇ ‘ಹೈಪೋಥರ್ಮಿಯಾ’ ಅನ್ನೋದನ್ನು ಈ ವಾರದಲ್ಲಿ ಕೇಳಿದ್ದು ಇದು ಮೂರನೇ ಸಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸಿನಲ್ಲಿ ಒಬ್ಬ ತಾಯಿ ಫೋನಿನಲ್ಲಿ ಹೇಳುತ್ತಿದ್ದರು: ‘ಯವ್ವಾ, ಜ್ವರ ಬಿಟ್ಟಾವ. ಆದ್ರ ಈಗ ಹೈಪೋಥರ್ಮಿಯಾ ಆಗೇತಿ, 96.8 ತೋರಸಾಕತ್ತೇತಿ.’ ನಾಲ್ಕೈದು ವರ್ಷದ ಹುಡುಗ ಪಕ್ಕದಲ್ಲಿ ಕೂತು ಬಿಸ್ಕೀಟು ತಿನ್ನುತ್ತಿದ್ದ.

96.8 ಫ್ಯಾರನ್‌ಹೀಟ್ ಅಂದರೆ ಸರಿಯಾಗಿ 36 ಸೆಲ್ಸಿಯಸ್. ಹೈಪೋಥರ್ಮಿಯಾ ಅನ್ನೋದು ಮೈಬಿಸಿ ಅಪಾಯದ ಮಟ್ಟಕ್ಕೆ ಇಳಿಯೋದು. ಅದು ಶುರುವಾಗೋದು 35ರ ಕೆಳಗೆ, ಅಂದರೆ 95 ಫ್ಯಾರನ್‌ಹೀಟಿಗಿಂತ ಕಡಿಮೆಯಾದಾಗ. ಹುಟ್ಟಿ ತಿಂಗಳಾಗದ ಕೂಸಿನ ಲೆಕ್ಕ ಮಾತ್ರ ಬೇರೆ, ಅಲ್ಲಿ 97.7ರ ಕೆಳಗೇ ಈ ಹೆಸರು.

ಪದ ಗ್ರೀಕಿನದು. ‘ಹೈಪೋ’ ಕೆಳಗೆ, ‘ಥರ್ಮೆ’ ಬಿಸಿ. ‘ಹೈಪರ್’ ಅಂದರೆ ಮೇಲೆ. ಇವೆರಡನ್ನು ಅದಲುಬದಲು ಮಾಡುವವರೂ ಇದ್ದಾರೆ, ಅದು ಇನ್ನೊಂದು ತಲೆನೋವು. ಹೈಪೋ ನಮ್ಮ ‘ಉಪ’ದ ಬಳಗ, ಹೈಪರ್ ‘ಉಪರಿ’ಯ ಬಳಗ. ಉಪಾಧ್ಯಕ್ಷರು ಅಧ್ಯಕ್ಷರ ಕೆಳಗೆ ಅಲ್ವಾ? ಅಷ್ಟು ನೆನಪಿಟ್ಟರೆ ಸಾಕು. ಥರ್ಮೆಗೂ ನೆಂಟರಿದ್ದಾರೆ. ಅದೂ ಸಂಸ್ಕೃತದ ‘ಘರ್ಮ’ವೂ ಒಂದೇ ಬೇರಿನವು. ಘರ್ಮ ಅಂದರೆ ಬಿಸಿ, ಬೆವರು ಕೂಡ. ಮರಾಠಿಯವರು ಬೆವರಿಗೆ ‘ಘಾಮ್’ ಅನ್ನೋದು ಇದರಿಂದಲೇ.

ಬಿಸಿಗೂ ಬೆವರಿಗೂ ಒಂದೇ ಮಾತು ಸುಮ್ನೆ ಬಂದಿಲ್ಲ. ಜ್ವರ ಬಿಡುವಾಗ ಮೆದುಳಿನ ಹೈಪೋಥಾಲಮಸ್ (ಇಲ್ಲೂ ಹೈಪೋ, ಥಾಲಮಸ್‌ನ ಕೆಳಗಿದೆ ಅಂತ) ತಾನೇ ಏರಿಸಿಟ್ಟಿದ್ದ ಬಿಸಿಯ ಮಟ್ಟ ಇಳಿಸುತ್ತದೆ. ಮೈ ಬೆವರುತ್ತದೆ. ಹೊಟ್ಟೆಯಲ್ಲಿ ಪ್ಯಾರಾಸಿಟಮಾಲ್ ಬೇರೆ. ಒದ್ದೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಕಡಿಮೆ ತೋರಿಸದೆ ಇನ್ನೇನು ಮಾಡೀತು? ಒರೆಸಿ ಇಟ್ಟರೂ ಬಾಯಿಗಿಂತ ಅರ್ಧ, ಒಂದು ಫ್ಯಾರನ್‌ಹೀಟ್ ಡಿಗ್ರಿ ಕಡಿಮೆಯೇ. ಆಡಿಕೊಂಡು, ಉಂಡುಕೊಂಡು ಇರುವ ಮಗುವಿಗೆ ಒಂದೆರಡು ದಿನ 97ರ ಆಸುಪಾಸು ತೋರಿಸಿದರೆ ‘ಜ್ವರ ಬಿಟ್ಟಾವ’ ಅಂದರೆ ಸಾಕು. ಬರುವಾಗಲೂ ಬಿಡುವಾಗಲೂ ಜ್ವರ ನಮ್ಮ ಕಡೆ ಬಹುವಚನ. ಅಷ್ಟು ಮರ್ಯಾದೆ ಸಾಲದೇ?

ಡೆಂಗಿಯ ಮಾತು ಬೇರೆ. ಅದರಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಜಾಸ್ತಿ ಅಪಾಯ. ಕೈಕಾಲು ತಣ್ಣಗೆ ಜಿಗುಟಾದರೆ, ಹೊಟ್ಟೆ ನೋವು, ಮೇಲಿಂದ ಮೇಲೆ ವಾಂತಿ ಆದರೆ, ಮಗು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಥರ್ಮಾಮೀಟರ್ ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡಿ. ಅಲ್ಲಿ ಹೋಗಿ ಹೈಪೋಥರ್ಮಿಯಾ ಅನ್ನಬೇಡಿ. ‘ಜ್ವರ ಬಿಟ್ಟ ಮ್ಯಾಲೆ ಕೂಸು ಮಂಕಾಗೇತ್ರಿ, ಕೈಕಾಲು ತಣ್ಣಗಾಗ್ಯಾವ’ ಅನ್ನಿ. ಡಾಕ್ಟರಿಗೆ ಬೇಕಾಗಿರೋದು ಅದೇ.